ಎಂಟನೇ ಕಡ್ಲೆಬೀಜ

ಪಿಯುಸಿ ಓದಲು ಮಧುಗಿರಿಗೆ ಕಳಿಸಬೇಕೆಂದರೆ ಓಬಳಯ್ಯನದು ಒಂದೇ ಷರತ್ತು. ಮಗಳು ರೂಮಿನಲ್ಲಿ ಒಬ್ಬಳೇ ಇರಕೂಡದು, ಜೊತೆಗೊಬ್ಬಳು ಬೇಕು. ಆಶಾರಾಣಿಗೆ ಅದೇನು ದೊಡ್ಡ ವಿಷಯ ಅನಿಸಿರಲಿಲ್ಲ. ಮಂಜುಶ್ರೀ ಇದ್ದಳಲ್ಲ! ಎಂಟನೇ ಕ್ಲಾಸಿನಿಂದ ಇಬ್ಬರಿಗೂ ಒಂದೇ ಬೆಂಚು, ಒಂದೇ ಗೈಡು. "ಒಂದೇ ರೂಮ್ ಮಾಡನ ಕಣೆ. ಅನ್ನ ನಾನ್ ಮಾಡ್ತೀನಿ, ಸಾರು ನೀನ್ ಮಾಡು" ಅಂತ ಮೊದಲು ಹೇಳಿದವಳೂ ಮಂಜುಶ್ರೀಯೇ. ಆಶಾರಾಣಿ ಕಾಲೋನಿಯವಳು, ಮಂಜುಶ್ರೀ ಊರೊಳಗಿನವಳು ಎಂಬುದು ಆ ಬೆಂಚಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಆಶಾರಾಣಿ ಬಿಸಿಯೂಟಕ್ಕೆ ಕೂತರೆ ಮಂಜುಶ್ರೀ ಮನೆಗೆ ಓಡುತ್ತಿದ್ದಳು. ಮನೆ ಹತ್ತಿರ, ಅದಕ್ಕೇ ಹೋಗುತ್ತಾಳೆ ಎಂದು ಆಶಾರಾಣಿ ತಿಳಿದಿದ್ದಳು.

ನಿಡುಗಲ್ ಕಡೆಯ ಆ ಹೈಸ್ಕೂಲಿನಲ್ಲಿ ಆವರ್ತ ಕೋಷ್ಟಕ ಅಂದರೆ ಹತ್ತನೇ ಕ್ಲಾಸಿಗೆ ಕ್ಲಾಸೇ ಜ್ವರ ಬಂದಂತೆ ಮುದುರಿಕೊಳ್ಳುತ್ತಿತ್ತು. ಅದಕ್ಕೆ ಒಂದು ಶನಿವಾರ ವಿಜ್ಞಾನದ ನರಸಿಂಹರಾಜು ಮೇಷ್ಟ್ರು ವೈ.ಎನ್.ಹೊಸಕೋಟೆಯಿಂದ ಹುರಿದ ಕಡ್ಲೆಬೀಜದ ಪೊಟ್ಟಣ ತಂದರು. ಹದಿನೆಂಟು ಮಕ್ಕಳಿಗೆ ಹದಿನೆಂಟು ಚೀಟಿ, ಒಂದೊಂದರಲ್ಲಿ ಒಂದು ಧಾತುವಿನ ಹೆಸರು, ನಂಬರು. ಎಷ್ಟು ನಂಬರೋ ಅಷ್ಟು ಬೀಜ, ಬೀಜ ಅಂದರೆ ಇಲೆಕ್ಟ್ರಾನ್. ಒಳಗಿನ ಸುತ್ತು ಅಂತ ಎರಡು ಬದಿಗಿಡಬೇಕು, ಮುಂದಿನ ಸುತ್ತು ಅಂತ ಎಂಟು. ಕೊನೆಯ ಸುತ್ತಿನ ಬೀಜ ಮುಷ್ಟಿಯಲ್ಲಿ ಹಿಡಿದು, ಅವೆಷ್ಟೋ ಅದೇ ನಂಬರಿನ ಸಾಲಿಗೆ ಹೋಗಿ ನಿಲ್ಲಬೇಕು. ವರಾಂಡದಲ್ಲಿ ಸೀಮೆಸುಣ್ಣದ ಎಂಟು ಸಾಲು ಕಾದಿದ್ದವು.

ಕಾರ್ಬನ್ ಆಗಿದ್ದ ಯುವರಾಜ್ ಮುಷ್ಟಿಯ ನಾಲ್ಕರಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು ಮೂರನೇ ಸಾಲಿಗೆ ಹೋಗಿ ನಿಂತ. "ಲೇ, ಇಲೆಕ್ಟ್ರಾನ್ ತಿಂದ್ಬುಟ್ಯೇನ್ಲಾ?" ಎಂದು ಮೇಷ್ಟ್ರು ಕಿವಿ ಹಿಂಡಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಶಾರಾಣಿಗೆ ಬಂದದ್ದು ಹನ್ನೊಂದು, ಸೋಡಿಯಂ. ಎರಡು, ಎಂಟು, ಮುಷ್ಟಿಯಲ್ಲಿ ಒಂದು. ಮೊದಲ ಸಾಲಿನಲ್ಲಿ ಹೈಡ್ರೋಜನ್, ಲಿಥಿಯಂ ಹಿಂದೆ ನಿಂತು ಪಕ್ಕಕ್ಕೆ ನೋಡಿದಳು. ಅಷ್ಟು ದಿನ ಬಾಯಿಪಾಠಕ್ಕೂ ಸಿಗದ ಕೋಷ್ಟಕ ತಾನಾಗಿ ಬಿಚ್ಚಿಕೊಂಡು ನಿಂತಿತ್ತು. ಪಕ್ಕಕ್ಕೆ ಸರಿದರೆ ಒಂದು ಬೀಜ ಹೆಚ್ಚು, ಹಿಂದಕ್ಕೆ ಸರಿದರೆ ಒಂದು ಸುತ್ತು ಹೆಚ್ಚು, ಒಂದೇ ಸಾಲಿನವರ ಮುಷ್ಟಿಯೆಲ್ಲ ಒಂದೇ ಥರ. ಇಷ್ಟೇನಾ ಅನಿಸಿ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಏಳನೇ ಸಾಲಿನಲ್ಲಿ ಕ್ಲೋರಿನ್ ಆಗಿ ಮಂಜುಶ್ರೀ ನಿಂತಿದ್ದಳು.

"ಈಗ ನೋಡ್ರಪ್ಪಾ," ಎಂದರು ಮೇಷ್ಟ್ರು. "ಒಂದಿರೋರಿಗೆ ಕೊಡೋ ಆಸೆ, ಏಳಿರೋರಿಗೆ ತಗೊಳ್ಳೋ ಆಸೆ. ಸೋಡಿಯಂ, ನಿಂದನ್ನ ಕ್ಲೋರಿನ್‌ಗೆ ಕೊಡಮ್ಮ. ಎಂಟಾದ್ರೆ ಉಪ್ಪು. ಮಂಜುಶ್ರೀ, ಎಂಟೂ ತಿಂದ್ಬುಟ್ಟು ಉಪ್ಪು ಅಂತ ಕೂಗು."

ಆಶಾರಾಣಿ ನಗುತ್ತಾ ಹೋಗಿ ಅಂಗೈ ಚಾಚಿದಳು. "ತಗಳೆ."

ಮಂಜುಶ್ರೀ ಬೀಜ ನೋಡಿದಳು. ಆಮೇಲೆ ಆರನೇ ಸಾಲಿನಲ್ಲಿದ್ದ ತನ್ನ ಬೀದಿಯ ಇಬ್ಬರನ್ನು ನೋಡಿದಳು. ಅವರು ಅವಳನ್ನೇ ನೋಡುತ್ತಿದ್ದರು. ಅವಳ ಮುಷ್ಟಿ ಬಿಗಿಯಾಯಿತು.

"ನಂಗೆ ಏಳೇ ಇರ್ಲಿ ಸಾರ್."

ಈ ಸಲ ಯಾರೂ ನಗಲಿಲ್ಲ. ಎಲ್ಲವೂ ಒಂದೇ ಪೊಟ್ಟಣದ ಬೀಜ. ಹತ್ತು ನಿಮಿಷ ಆಶಾರಾಣಿಯ ಕೈಯಲ್ಲಿ ಇದ್ದದ್ದೇ ಆ ಒಂದರ ತಪ್ಪು. ಮೇಷ್ಟ್ರಿಗೆ ಅರ್ಥವಾಗಲಿಲ್ಲ ಅನ್ನುವಂತಿಲ್ಲ, ಅವರ ಮುಖ ಕಪ್ಪಿಟ್ಟಿತು. ಒಳ್ಳೆಯ ಮನುಷ್ಯ, ಆದರೆ ಧೈರ್ಯ ಅಷ್ಟಕ್ಕಷ್ಟೇ. "ಹೋಗ್ಲಿ ಬುಡಿ, ಕೊಟ್ಟಾಯ್ತು ಅಂದ್ಕೊಳ್ಳಿ," ಎಂದು ಎಲ್ಲರನ್ನೂ ಒಳಗೆ ಕೂರಿಸಿ ಬೋರ್ಡಿನ ಮೇಲೆ ಸೋಡಿಯಂ ಕ್ಲೋರೈಡ್ ಎಂದು ದಪ್ಪಕ್ಷರದಲ್ಲಿ ಬರೆದರು. ಎಲ್ಲರೂ ಬರೆದುಕೊಂಡರು. ಆಶಾರಾಣಿಯೂ ಬರೆದುಕೊಂಡಳು.

ಮಂಜುಶ್ರೀ ಅದೇ ಬೆಂಚಿಗೆ ಬಂದು ಕೂತು "ಗೈಡ್ ಕೊಡೆ" ಅಂದಳು. ಗೈಡನ್ನು ಮಾತ್ರ ಕೈಯಿಂದ ಕೈಗೇ ಇಸಕೊಂಡಳು. ಇವಳು ನನ್ನ ಸಾರು ಯಾವತ್ತು ಉಂಡಾಳು ಎಂದುಕೊಂಡಳು ಆಶಾರಾಣಿ. ರೂಮಿನ ಮಾತು ಮಂಜುಶ್ರೀ ಎತ್ತಲಿಲ್ಲ. ಆಶಾರಾಣಿಯೂ ಎತ್ತಲಿಲ್ಲ.

ಸಂಜೆ ಓಬಳಯ್ಯ ಸೋಲಾರ್ ಪ್ಲಾಂಟಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸ ಮುಗಿಸಿ ಬಂದ. "ಮಂಜುಶ್ರೀ ಮನೇಲಿ ಒಪ್ಪಿದ್ರೇನವ್ವ?"

"ಅವಳು ಬರಲ್ಲ ಕಣಪ್ಪ."

ಯಾಕೆ ಅಂತ ಕೇಳುತ್ತಾನೆ, ಏನಾದರೂ ಸುಳ್ಳು ಹೇಳಬೇಕು ಎಂದು ಅವಳು ತಯಾರಾಗಿ ನಿಂತಳು. ಅಪ್ಪ ಕೇಳಲೇ ಇಲ್ಲ. ಮಂಜುಶ್ರೀ ಬರುತ್ತಾಳೆಂದು ಅವನು ಒಂದು ದಿನವೂ ನಂಬಿರಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಓಬಳಯ್ಯ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಕೈ ತೊಳೆದು ಬಂದು ಕೂತ.

"ಉಣ್ಣಕ್ ಇಕ್ಕವ್ವ," ಎಂದ.