ಒಂಬತ್ತು ಚಪ್ಪರದ ಸಸಿ

“ನನಗೆ ಗೊತ್ತಾಗಿದ್ದನ್ನ ನಿನ್ನಿಂದ ಮುಚ್ಚಿಡಲ್ಲ, ಅಕ್ಕಾ” ಎಂದು ಮಾತು ಕೊಟ್ಟು ಹನ್ನೊಂದು ವರ್ಷ. ಮೂರು ತಿಂಗಳ ಕೂಸನ್ನು ಅಕ್ಕನ ಮಡಿಲಿಗೆ ಹಾಕಿ, ಈ ಸಸಿ ತೋಟಕ್ಕೆ ಕೂಲಿಗೆ ಹೊರಟಿದ್ದೆ. “ಮಗೂನ ನಾನು ನೋಡ್ಕೋತೀನಿ. ಅಲ್ಲಿಯ ಒಳಸುದ್ದಿ ನನಗೊಂದು ಹೇಳ್ತಿರು” ಎಂದಿದ್ದಳು. ಅವಳದು ಗುತ್ತಿಗೆ ಹೊಲ.

ಟ್ರೇಗೆ ಗೊಬ್ಬರದ ಪುಡಿ ತುಂಬಬೇಕು. ಒಂದೊಂದು ಗುಳಿಗೆ ಒಂದೊಂದು ಟೊಮ್ಯಾಟೊ ಬೀಜ. ಬೆರಳ ತುದಿ ಸೀಳಿರುತ್ತದೆ, ಉಪ್ಪು ತಾಗಿದರೆ ಜೀವ ಹೋಗುತ್ತದೆ. ಎಲ್ಲರೂ ನನ್ನನ್ನು ಟ್ರೇಯಮ್ಮ ಎನ್ನುತ್ತಾರೆ.

ಹೋದ ವರ್ಷ ನಾವು ಟ್ರೇ ಜೋಡಿಸಿ ತುಂಬಿದ್ದು ಮೂರು ನೆರಳು ಚಪ್ಪರ. ಸಸಿ ಕಡಿಮೆ ಹೋಯಿತು, ಹಣ್ಣು ಕಡಿಮೆ ಬಂತು, ಬೆಲೆ ಮುಗಿಲು ಮುಟ್ಟಿತು. ಅದನ್ನು ಕಂಡು ಈ ವರ್ಷ ಊರೂರೇ ಸಸಿ ಕೇಳಿತು. ಒಂಬತ್ತು ಚಪ್ಪರ ತುಂಬಿದೆವು. ಮುಂದೇನೆಂದು ಹೇಳಲು ಜ್ಯೋತಿಷಿ ಬೇಕಿಲ್ಲ, ಟ್ರೇ ಹೊತ್ತ ಸೊಂಟಕ್ಕೇ ಗೊತ್ತು.

ಧಣಿ ಬೆಳಿಗ್ಗೆಯೇ ಹೇಳಿದ್ದರು: “ಯಾರು ಕೇಳಿದ್ರೂ ಈ ಸಲ ನಾಟಿ ಕಮ್ಮಿ ಅನ್ನಿ. ಬಾಯಿ ಬಿಟ್ಟೋರು ನಾಳೆಯಿಂದ ಬರೋದು ಬೇಡ.”

ಗೇಟಿನಿಂದ ರಸ್ತೆಯವರೆಗೆ ಸಸಿ ಕೊಳ್ಳಲು ಬಂದ ರೈತರ ಸಾಲು.

“ಇಷ್ಟು ಜನ ಬಂದವ್ರೆ ಅಂದ್ರೆ ಬೆಲೆ ಗ್ಯಾರಂಟಿ ಬಿಡ್ರಪ್ಪ” ಎಂದ ಒಬ್ಬ ಬೋಳುತಲೆಯವನು.

“ನಿನ್ನ ತಲೆ ಮೇಲೆ ಕೂದಲು ಬರೋದೂ ಗ್ಯಾರಂಟಿನಾ?” ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು.

ಸಾಲಿನಲ್ಲಿ ಅಕ್ಕನೂ ಇದ್ದಳು.

“ಹುರುಳಿಕಾಯಿ ಹೂ ಬಿಟ್ಟಿದೆ ಕಣೇ. ನಾಳೆ ಕಿತ್ತು ಹಾಕಿ, ಇಡೀ ಹೊಲಕ್ಕೆ ಟೊಮ್ಯಾಟೊ ಇಡ್ತೀನಿ. ಈ ಸಲ ನಾಟಿ ಕಮ್ಮಿಯಂತೆ, ಹೌದಾ?”

ಮೇಜಿನ ಹಿಂದಿನಿಂದ ಧಣಿ ನನ್ನ ಬಾಯನ್ನೇ ನೋಡುತ್ತಿದ್ದರು. ಮಗಳ ಶಾಲೆಯ ಶೂ ಬಾಯಿ ಬಿಟ್ಟು ಹದಿನೈದು ದಿನವಾಗಿತ್ತು.

“ಹೂಂ ಅಕ್ಕಾ. ಕಮ್ಮಿ.”

“ನೀನು ಹೇಳಿದ ಮೇಲೆ ಮುಗೀತು” ಎಂದು ಅಕ್ಕ ಮೊದಲ ಟ್ರೇ ಎತ್ತಿದಳು. ಅದೇ ಕೈ, ನನ್ನ ಕೂಸನ್ನು ಎತ್ತಿದ ಕೈ.

“ಇಳಿಸು.”

“ಏನೇ?”

“ಇಳಿಸಕ್ಕಾ! ಸುಳ್ಳು ಹೇಳಿದೆ. ಹೋದ ವರ್ಷ ಮೂರು ಚಪ್ಪರ, ಈ ವರ್ಷ ಒಂಬತ್ತು. ಹಿಂದೆ ಹೋಗಿ ನೀನೇ ಎಣಿಸ್ಕೊಂಡು ಬಾ.”

ಸಾಲಿನವರೆಲ್ಲ ನನ್ನತ್ತ ತಿರುಗಿದರು.

“ಹಾಗಾದ್ರೆ ನಮ್ಮ ಬೆಲೆ ಬೀಳ್ಸೋದು ಈ ಸಾಲೇನಾ?” ಬೋಳುತಲೆಯವನು ಕೇಳಿದ.

“ಹೌದಣ್ಣ. ಇದೇ ಸಾಲು ನಾಳೆ ಮಾರ್ಕೆಟ್ಟಲ್ಲೂ ನಿಲ್ಲುತ್ತೆ. ಧಣೀರಿಗೇನು? ಸಸಿ ದುಡ್ಡು ಇವತ್ತೇ ಬಂತು.”

“ಟ್ರೇಯಮ್ಮ! ತಲೆ ನೆಟ್ಟಗಿದೆಯಾ? ನಡಿ ಆಚೆ!” ಧಣಿ ಕೂಗಿದರು.

ನನ್ನ ಜೊತೆ ಬೀಜ ಹಾಕುವ ಮುದುಕಿ ಎದ್ದು ಸೊಂಟ ನೆಟ್ಟಗೆ ಮಾಡಿದಳು. “ಅವಳ ಲೆಕ್ಕ ಸರಿಯಾಗೇ ಇದೆ. ನಾನೂ ಎಣಿಸೀನಿ. ನನ್ನನ್ನೂ ಕಳಿಸಿ.” ಅವಳ ಹಿಂದೆ ಇನ್ನಿಬ್ಬರು ಎದ್ದರು.

ಬೋಳುತಲೆಯವನು ಧಣಿಯನ್ನು ದಾಟಿ ಹಿಂದಿನ ಚಪ್ಪರಗಳತ್ತ ನಡೆದ. ಸಾಲು ಮುರಿದು ಅವನ ಹಿಂದೆ ಹೋಯಿತು. ಎಣಿಸಿ ಬಂದ ಮೇಲೂ ಕೆಲವರು ಸಸಿ ಒಯ್ದರು. ಅಕ್ಕ ಒಯ್ಯಲಿಲ್ಲ.

ನಾವು ನಾಲ್ವರು ಹೊರಬಂದೆವು. ಗೇಟು ಮುಚ್ಚಿತು.

ಕೊಟ್ಟ ಮಾತು ನಡೆಸಿದೆ.