ನಾಲ್ಕು ಬೆರಳಿನ ಎತ್ತರ

“ಇದು ಕೂರೋ ಗಾಡಿನೋ, ಮಲಗೋ ಚಾಪೆನೋ?”

ಬೀಬಿ ಇದನ್ನು ನನ್ನನ್ನು ಕೇಳಲಿಲ್ಲ, ಪಕ್ಕದಲ್ಲಿ ನಿಂತಿದ್ದ ಜುಹುರಾ ಚಿಕ್ಕಮ್ಮನನ್ನೂ ಕೇಳಲಿಲ್ಲ. ಒಂದು ಕಾಲು ಕಾರಿನೊಳಗೆ, ಒಂದು ಕಾಲು ಬೀದಿಯ ಮರಳಿನಲ್ಲಿ, ಒಂದು ಕೈ ನನ್ನ ಭುಜದ ಮೇಲೆ. ಹಾಗೆ ನಿಂತು ಗಾಳಿಯನ್ನು ಕೇಳಿದರು. ಆಮೇಲೆ ಧೊಪ್ಪನೆ ಸೀಟಿಗೆ ಬಿದ್ದರು. ಮೊಣಕಾಲುಗಳು ಹೆಚ್ಚುಕಡಿಮೆ ಗಲ್ಲಕ್ಕೆ ಬಂದವು. ಎರಡು ವರ್ಷದಿಂದ ನೋಯುತ್ತಿರುವ ಮೊಣಕಾಲುಗಳು.

ಅವರನ್ನು ಹೊರಗೆ ತರಲು ನಾನೂ ಚಿಕ್ಕಮ್ಮನೂ ಸೇರಿ ಎಳೆಯಬೇಕಾಯಿತು. ಬೀಬಿ, ಅಂದರೆ ನನ್ನ ಅಜ್ಜಿ, ಉದ್ದಕ್ಕೂ ಗೊಣಗುತ್ತಲೇ ಬಂದರು.

“ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗಾಯ್ತು,” ಎಂದರು ಚಿಕ್ಕಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಂಡು. “ಕೊಡ ಆದ್ರೆ ಬಾಯಿ ಮುಚ್ಕೊಂಡು ಬರ್ತಿತ್ತು.”

ಜುಹುರಾ ಚಿಕ್ಕಮ್ಮ ನಮ್ಮ ಎದುರುಮನೆಯವರು, ಬೆಳಿಗ್ಗೆ ಬಜ್ಜಿ ಕರಿದು ಮಾರುತ್ತಾರೆ. ಅವರ ಕುಲಕ್ಕೂ ನಮ್ಮ ಕುಲಕ್ಕೂ ಮುತ್ತಜ್ಜಂದಿರ ಕಾಲದಿಂದ ಹಾಸ್ಯದ ನಂಟು. ಸಾವಿನ ಮನೆಯಲ್ಲೂ ಅವರು ನಮ್ಮನ್ನು ಆಡಿಕೊಳ್ಳಬಹುದು, ನಾವು ಸಿಟ್ಟಾಗುವಂತಿಲ್ಲ. ಬೀಬಿ ಸಿಟ್ಟಾಗಲಿಲ್ಲ. ಕಾರನ್ನು ಒಮ್ಮೆ ನೋಡಿ ಒಳಗೆ ಹೋಗಿ ಚಾಪೆಯ ಮೇಲೆ ಕಾಲು ಚಾಚಿ ಕುಳಿತರು. 

ಕಾರು ಕೊಂಡಿದ್ದೇ ಅವರಿಗಾಗಿ. ಪ್ರತಿವರ್ಷ ಪ್ರವಾದಿಯವರು ಹುಟ್ಟಿದ ತಿಂಗಳಲ್ಲಿ ದೂರದ ಪಂಗನಿ ಊರಿನ ಹೆಂಗಸರು ಮೌಲಿದಿ ಮಾಡುತ್ತಾರೆ. ಸಂಜೆಯ ಪ್ರಾರ್ಥನೆಯಿಂದ ಕತ್ತಲಾಗುವ ತನಕ ಪದ್ಯ. ಅದರ ಮೊದಲ ಪದ್ಯವನ್ನು ಬೀಬಿ ಹದಿನಾರನೆಯ ವಯಸ್ಸಿನಿಂದ ಹೇಳುತ್ತ ಬಂದವರು. ಅವರ ತಾಯಿಯೂ ಹೇಳಿದವರು. ಮೊಣಕಾಲು ಕೈಕೊಟ್ಟ ಮೇಲೆ ವ್ಯಾನು ಹತ್ತಲಾಗದೆ ಎರಡು ವರ್ಷ ಹೋಗಲಿಲ್ಲ. ಅಲ್ಲಿಯ ರೂಢಿ ಹೀಗೆ: ಮೂರನೆಯ ವರ್ಷವೂ ಜಾಗ ಖಾಲಿಯಿದ್ದರೆ ಮೊದಲ ಪದ್ಯ ಬೇರೊಂದು ಮನೆಗೆ ಹೋಗುತ್ತದೆ, ಮರಳಿ ಬರುವುದಿಲ್ಲ. ಈ ವರ್ಷದ ಮೌಲಿದಿ ಇದೇ ಶುಕ್ರವಾರ. ಬೀಬಿ ಕಾರಿನೊಳಗೆ ಬಿದ್ದದ್ದು ಮಂಗಳವಾರ.

ತಪ್ಪು ನನ್ನದು. ಕಾರನ್ನು ಮಾರಿದ ದಾರುಸ್ಸಲಾಮಿನ ಹುಡುಗ ಎಂಜಿನ್ ಚಾಲೂ ಮಾಡಿದಾಗ ನಾನು ಕಣ್ಣು ಮುಚ್ಚಿ ಕೇಳಿದೆ. ಒಳ್ಳೆಯ ಎಂಜಿನ್, ಉಸಿರು ಎಲ್ಲೂ ಕಟ್ಟುತ್ತಿರಲಿಲ್ಲ. ಬಾಗಿಲು ಮುಚ್ಚಿ ಕೇಳಿದೆ, ಗೇರು ಹಾಕಿ ಕೇಳಿದೆ. ಬೀಬಿ ತುರಿಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತ, ಆ ತುರಿತದ ತಾಳಕ್ಕೇ ಪದ್ಯ ಹೇಳುತ್ತಿದ್ದರೆ ಪಕ್ಕದಲ್ಲಿ ಮಲಗಿ ಕೇಳುತ್ತ ಬೆಳೆದವನು ನಾನು. ಕೇಳುವುದಷ್ಟೇ ನನಗೆ ಬರುತ್ತದೆ. ಗಾಡಿಯ ಎತ್ತರ ನೋಡಬೇಕೆಂದು ಹೊಳೆಯಲಿಲ್ಲ. ನಾನೋ ಸಣಕಲು ಶಾಲಾಮೇಷ್ಟ್ರು, ಎಲ್ಲಿಯಾದರೂ ನುಸುಳಿ ಕೂರುವವನು. ನಮ್ಮ ಊರು ತಾಂಗಾ ತಲುಪಿ ನಮ್ಮ ಬೀದಿಯ ಮೊದಲ ಉಬ್ಬು ದಾಟಿದಾಗ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿದ ಸದ್ದು ಬಂತು. ಅದನ್ನೂ ಕೇಳಿದೆ. ಕೇಳಿ ಆಗ ತಿಳಿಯಿತು.

ಆ ಮಂಗಳವಾರವೇ ಮಧ್ಯಾಹ್ನ ಎಂಟನೆಯ ಬೀದಿಯ ಮೆಕ್ಯಾನಿಕ್ ಮಬ್ರೂಕಿಯ ಬಳಿ ಹೋದೆ. ಅವನಿಗೆ ಅಂಗಡಿಯೆಂದರೆ ಒಂದು ಬೇವಿನ ಮರ ಮತ್ತು ಅದರ ಕೆಳಗೆ ತೋಡಿದ ಗುಂಡಿ. ಗುಂಡಿಯ ಮೇಲೆ ಗಾಡಿ ನಿಲ್ಲಿಸಿದರೆ ಅವನು ಒಳಗೆ ನಿಂತು ಕೆಲಸ ಮಾಡುತ್ತಾನೆ. ಚಕ್ರಕ್ಕೂ ಅದರ ಮೇಲಿನ ತಗಡಿನ ಅಂಚಿಗೂ ನಡುವೆ ಬೆರಳು ತೂರಿಸಲು ನೋಡಿದ. ಒಂದು ಬೆರಳೂ ಹೋಗಲಿಲ್ಲ. ನಾಲ್ಕು ಹೋಗಬೇಕು, ಕಂಪನಿಯಿಂದ ಬಂದ ಎತ್ತರ ಅದು ಎಂದ. ಆಮೇಲೆ ಕೆಳಗಿಳಿದು ಟಾರ್ಚ್ ಬಿಟ್ಟು ನೋಡಿದ. ನಾಲ್ಕೂ ಸ್ಪ್ರಿಂಗುಗಳನ್ನು ಒಂದೂವರೆ ಸುತ್ತು ಕೊಯ್ದು ಹಾಕಿದ್ದರು, ಬರೀ ಚಂದಕ್ಕೆ.

“ಕೊಯ್ದವನಿಗೆ ಅಜ್ಜಿ ಇರ್ಲಿಲ್ಲ ಅನ್ಸುತ್ತೆ, ಮೇಷ್ಟ್ರೇ,” ಎಂದಿತು ಗುಂಡಿಯೊಳಗಿನ ದನಿ.

ಬುಧವಾರ ಪೂರ್ತಿ ಹಳೆ ಸಾಮಾನಿನ ರಾಶಿಗಳಲ್ಲಿ ಕಳೆಯಿತು. ಇದೇ ಗಾಡಿಯ ಸ್ಪ್ರಿಂಗುಗಳ ಮೇಲೆ ಹಳದಿ ಬಣ್ಣದ ಎರಡು ಚುಕ್ಕೆ ಇರಬೇಕಂತೆ. ಒಂದೊಂದನ್ನೂ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಚುಕ್ಕೆ ಹುಡುಕಿದೆವು. ಮೂರು ಬೇಗ ಸಿಕ್ಕವು, ನಾಲ್ಕನೆಯದು ಒಂದು ಕೋಳಿಗೂಡಿನ ಬಾಗಿಲಿಗೆ ಅಡ್ಡವಾಗಿತ್ತು. ಕೋಳಿಯ ಯಜಮಾನಿಗೆ ಬದಲಿಗೆ ಒಂದು ಕಲ್ಲು ತಂದು ಕೊಟ್ಟ ಮೇಲೆಯೇ ಅದು ನಮ್ಮ ಕೈಗೆ ಬಂದದ್ದು.

ಗುರುವಾರ ಕಾರು ಜಾಕಿನ ಮೇಲೇರಿತು. ಚಕ್ರ ಬಿಚ್ಚಿ, ಕೊಯ್ದ ಸ್ಪ್ರಿಂಗ್ ತೆಗೆದು, ಉದ್ದದ್ದನ್ನು ಅದುಮಿ ಕೂರಿಸುವ ಹೊತ್ತಿಗೆ ಸಂಜೆಯ ಬಾಂಗು ಕೇಳಿಸಿತು. ಬೋಲ್ಟುಗಳನ್ನು ಬಿಗಿಯುವುದು ಮಾತ್ರ ಉಳಿದಿತ್ತು. ಮಬ್ರೂಕಿ ನಮಾಜು ಮುಗಿಸಿ ಬಂದು ನಿಧಾನಕ್ಕೆ ಬಿಗಿಯೋಣ ಎಂದ. ಮಸೀದಿಯ ಜಮಾತು ತಪ್ಪದ ಹಾಗೆ ಈಗಲೇ ಬಿಗಿದುಬಿಡು, ಹಗುರಾಗಿ ಹೋಗಿ ದೇವರ ಮುಂದೆ ನಿಲ್ಲೋಣ ಎಂದು ಅವಸರ ಮಾಡಿದವನು ನಾನು. ಅವನು ಕಾರು ಗಾಳಿಯಲ್ಲಿ ತೂಗಾಡುತ್ತಿದ್ದಂತೆಯೇ ಎಲ್ಲವನ್ನೂ ಬಿಗಿದ. ಇಬ್ಬರೂ ಕೈಕಾಲು ತೊಳೆದು ಓಡಿದೆವು.

ಮರಳಿ ಬಂದು ಜಾಕು ಇಳಿಸಿದರೆ ಕಾರು ಇಳಿಯಲೇ ಇಲ್ಲ. ಅಂದರೆ ಚಕ್ರ ನೆಲ ಮುಟ್ಟಿತು, ಮೈ ಮಾತ್ರ ಮೇಲೆಯೇ ನಿಂತಿತು. ಆರು ಬೆರಳು ಸಲೀಸಾಗಿ ಹೋದವು. ಓಡಿಸಿದರೆ ಕೂರುತ್ತದೆ ಎಂದ ಮಬ್ರೂಕಿ. ಮನೆಗೆ ಓಡಿಸಿಕೊಂಡು ಬರುವಾಗ ಪ್ರತಿ ಉಬ್ಬಿಗೂ ಹಳೆಯ ಮಂಚದಂತೆ ನರಳಿತು. ಬೀಬಿ ಬಾಗಿಲಿಗೆ ಬಂದು ಕಾಲೆತ್ತಿ ನೋಡಿದರು. ಎಟುಕಲಿಲ್ಲ.

“ಮೊನ್ನೆ ಬಾವಿ, ಇವತ್ತು ತೆಂಗಿನಮರ,” ಎಂದರು ಜುಹುರಾ ಚಿಕ್ಕಮ್ಮ. “ನಾಳೆ ಮೋಡದ ಮೇಲೆ ನಿಲ್ಲಿಸ್ತಾನೆ. ನೀನು ಪದ್ಯ ಅಲ್ಲಿಂದ್ಲೇ ಹೇಳು ಮುದುಕಿ, ಪಂಗನಿಗೂ ಕೇಳುತ್ತೆ.”

ಬೀಬಿ ನಕ್ಕರು, ಆದರೆ ನಗು ಕಣ್ಣಿನ ತನಕ ಹೋಗಲಿಲ್ಲ. ಜೊತೆಗೆ ಒಯ್ಯಲೆಂದು ಇಟ್ಟುಕೊಂಡಿದ್ದ ಬಿಳಿಯ ಮೇಲುಹೊದಿಕೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. ನಾನು ತಿರುಗಿ ಎಂಟನೆಯ ಬೀದಿಗೆ ಹೋದೆ.

ಕಾರು ನರಳಿದ್ದನ್ನು ಹೇಳಿದೆ. ಮಬ್ರೂಕಿ ಕೇಳಿದವನೇ ಹಣೆ ಚಚ್ಚಿಕೊಂಡ. ಚಕ್ರ ಹಿಡಿದಿರುವ ಕೆಳಗಿನ ಕಬ್ಬಿಣದ ತೋಳುಗಳ ಸಂದಿಯಲ್ಲಿ ರಬ್ಬರಿನ ಬುಷ್ ಇರುತ್ತದೆ, ಗಾಡಿ ತೂಗಾಡುವಾಗ ಬಿಗಿದರೆ ಆ ರಬ್ಬರು ತೂಗಾಡುವ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ, ಇಳಿಯಲು ಬಿಡುವುದಿಲ್ಲ ಎಂದು ವಿವರಿಸಿದ. ಸಡಿಲಿಸಿ, ನೆಲದ ಮೇಲೆ ಭಾರ ಹೊರಿಸಿ ನಿಲ್ಲಿಸಿ, ಆಮೇಲೆ ಬಿಗಿಯಬೇಕು. ತಾನು ಇಪ್ಪತ್ತು ವರ್ಷದಿಂದ ಬಲ್ಲ ಮಾತು, ಬಾಂಗಿನ ಹೊತ್ತಿಗೆ ಮರೆತೆ ಎಂದ. ನಾನು ಅವಸರಿಸಿದ್ದನ್ನು ಅವನು ಎತ್ತಲಿಲ್ಲ. ನಾನೇ ಎತ್ತಿ ಕ್ಷಮೆ ಕೇಳಿದೆ. ಭಾರಕ್ಕೆ ಸಿಮೆಂಟ್ ಚೀಲ ಹೊಂದಿಸಲೇ ಎಂದೆ.

“ಸಿಮೆಂಟ್ ಹೊರ್ಸಿದ್ರೆ ಸಿಮೆಂಟಿಗೆ ಹೊಂದುತ್ತೆ,” ಎಂದ. “ಯಾರನ್ನ ಹೊರ್ಬೇಕೋ ಅವ್ರನ್ನೇ ಕರ್ಕೊಂಡು ಬನ್ನಿ.”

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಕಾರು ಗುಂಡಿಯ ಮೇಲಿತ್ತು. ಚಿಕ್ಕಮ್ಮನ ತೋಳು ಹಿಡಿದು ಮೆಲ್ಲಗೆ ನಡೆದು ಬಂದ ಬೀಬಿ ಹೊದಿಕೆಯನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ಅದನ್ನು ಚಿಕ್ಕಮ್ಮ ಕದ್ದು ತಂದಿದ್ದರು, ಬಜ್ಜಿಯ ಬುಟ್ಟಿಯ ಮೇಲೆ ಮುಚ್ಚಿಕೊಂಡು. ಮಬ್ರೂಕಿ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಪ್ರತಿ ಬೋಲ್ಟಿಗೂ ಕಾರು ನಿಟ್ಟುಸಿರಿಟ್ಟು ತುಸು ಕುಸಿಯಿತು. ಐದು ಬೆರಳಿಗೆ ಬಂದು ನಿಂತಿತು. ಬೀಬಿ ಸೀಟಿಗೆ ಬೆನ್ನು ಮಾಡಿ ನಿಂತು ಕುಳಿತರು, ಮೊಣಕಾಲು ಎತ್ತಿ ಕಾಲುಗಳನ್ನು ಒಳಗೆ ತಂದುಕೊಂಡರು. ಯಾರ ಭುಜವನ್ನೂ ಹಿಡಿಯಲಿಲ್ಲ. ತಾವು ಕುಳಿತದ್ದು ಅವರಿಗೇ ಒಂದು ಗಳಿಗೆ ತಿಳಿಯಲಿಲ್ಲವೇನೋ, ಸೀಟನ್ನು ಎರಡು ಸಲ ತಟ್ಟಿ ನೋಡಿದರು. ಪಕ್ಕಕ್ಕೆ ಚಿಕ್ಕಮ್ಮ, ಮುಂದೆ ನಾನು, ನನ್ನ ಪಕ್ಕದ ಸೀಟಿನಲ್ಲಿ ಪಂಗನಿಗೆ ಒಯ್ಯುವ ಅಕ್ಕಿಯ ಮೂಟೆ.

ಇನ್ನೂ ಒಂದು ಬೆರಳು ಇಳಿಯಬೇಕು, ರಬ್ಬರು ಹಟ ಹಿಡಿದಿದೆ, ಒಂದೇ ಹದದಲ್ಲಿ ತೂಗಿ ಎಂದು ಕೆಳಗಿನಿಂದ ಮಬ್ರೂಕಿ ಕೂಗಿದ. ನಾವು ತೂಗಿದೆವು. ನಾನು ಎಡಕ್ಕೆ ಹೋದರೆ ಚಿಕ್ಕಮ್ಮ ಬಲಕ್ಕೆ ಹೋದರು. ಹದ ಸಿಗಲಿಲ್ಲ.

ಆಗ ಬೀಬಿ ಗಂಟಲು ಸರಿಮಾಡಿಕೊಂಡರು.

ಅಲೆಯ ಎತ್ತುವವನೇ,
ದೋಣಿಯ ಕಾಯುವವನೇ,
ದಡವ ತೋರುವವನೇ,
ನಿನ್ನ ಹೆಸರೇ ಮೊದಲು.

ಎರಡು ವರ್ಷದಿಂದ ಮೌಲಿದಿಯ ಆ ಮೊದಲ ಪದ್ಯ ನಮ್ಮ ಮನೆಯಲ್ಲಿ ಕೇಳಿಸಿರಲಿಲ್ಲ. ತೆಂಗಿನಕಾಯಿ ತುರಿಯುವಾಗಲೂ ಅವರು ಬೇರೆ ಪದ್ಯ ಹೇಳುತ್ತಿದ್ದರು. ಮೌಲಿದಿಯಲ್ಲಿ ಹೆಂಗಸರು ಸಾಲು ಕುಳಿತು ಪದ್ಯದ ಜೊತೆ ಮೈ ತೂಗುತ್ತಾರೆ, ಎರಡು ಪಾದ ಎಡಕ್ಕೆ, ಎರಡು ಪಾದ ಬಲಕ್ಕೆ. ಚಿಕ್ಕಮ್ಮನ ಮೈ ತಾನಾಗಿ ಅದಕ್ಕೆ ಸೇರಿಕೊಂಡಿತು. ನಾಲ್ಕನೆಯ ಪಾದವನ್ನು ಅವರು ತಿರುಗಿ ಹೇಳಿದರು, ಹಾಸ್ಯವೆಲ್ಲ ಎಲ್ಲಿಗೋ ಹೋದ ದನಿಯಲ್ಲಿ. ನಾನೂ ತೂಗಿದೆ. ಕಾರು ನಮ್ಮೊಡನೆ ತೂಗಿತು, ಕಟ್ಟೆಗೆ ಕಟ್ಟಿದ ದೋಣಿಯ ಹಾಗೆ. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸರಿಬ್ಬರು ಬೇವಿನ ನೆರಳಿಗೆ ಬಂದು ನಿಂತು ನಾಲ್ಕನೆಯ ಪಾದ ಹಿಡಿದರು. ಕೆಳಗೆ ಸ್ಪ್ಯಾನರ್ ತಾಳ ತಪ್ಪದೆ ಒಂದೊಂದೇ ಬೋಲ್ಟನ್ನು ಬಿಗಿಯುತ್ತಿತ್ತು. ಎಷ್ಟನೆಯ ಪದ್ಯದಲ್ಲಿ ಆ ಕೊನೆಯ ಬೆರಳು ಇಳಿಯಿತೋ ನನಗೆ ಗೊತ್ತಾಗಲಿಲ್ಲ. ನಾನು ಪದ್ಯ ಕೇಳುತ್ತಿದ್ದೆ.

ಮಬ್ರೂಕಿ ಗುಂಡಿಯಿಂದ ಮೇಲೆ ಬಂದಾಗ ಮುಖದ ತುಂಬ ಗ್ರೀಸು, ಗ್ರೀಸಿನ ನಡುವೆ ಹಲ್ಲು. ನಾಲ್ಕೂ ಚಕ್ರಕ್ಕೆ ಸುತ್ತು ಬಂದು ಬೆರಳು ಇಟ್ಟ. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಚಿಕ್ಕಮ್ಮ ಅವನಿಗೆ ಬಿಸಿ ಬಜ್ಜಿ ಕೊಟ್ಟು, ಹೀಗೇ ಪದ್ಯ ಹೇಳಿ ತೂಗಿದರೆ ತನ್ನ ಗಂಡನೂ ನೆಟ್ಟಗಾದಾನೇ ಎಂದು ವಿಚಾರಿಸಿದರು. ಗಂಡಸರ ಸ್ಪ್ರಿಂಗು ಹಳೆ ಸಾಮಾನಿನಲ್ಲೂ ಸಿಗುವುದಿಲ್ಲ ಎಂದು ಅವನು ಬಜ್ಜಿ ಅಗಿಯುತ್ತಲೇ ಹೇಳಿದ.

ಆಮೇಲೆ ಗಂಭೀರನಾದ. ಪಂಗನಿಯ ದಾರಿ ದೂರ. ಖಾಲಿ ಗಾಡಿಯನ್ನು ತಾನೊಮ್ಮೆ ಬೀದಿ ಸುತ್ತಿಸಿ ಬೋಲ್ಟು ನೋಡಿಬಿಡುವೆ ಎಂದ. ನಾನು ಇಳಿದೆ. ಚಿಕ್ಕಮ್ಮ ಇಳಿದರು. ಅಕ್ಕಿಯ ಮೂಟೆಯನ್ನೂ ಇಳಿಸಿದೆವು. ಬೀಬಿ ಬುಟ್ಟಿಯ ಮೇಲಿನ ಬಿಳಿಯ ಹೊದಿಕೆಯನ್ನು ಕಿಟಕಿಯಿಂದಲೇ ಕೈಚಾಚಿ ತೆಗೆದುಕೊಂಡು, ಎರಡು ಬಜ್ಜಿಯ ಚೂರು ಕೊಡವಿ, ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡರು.

“ಬೀಬಿ, ಎರಡೇ ನಿಮಿಷ, ಸ್ವಲ್ಪ ಇಳೀರಿ,” ಎಂದ ಮಬ್ರೂಕಿ, ಬಾಗಿಲು ತೆರೆದು ಹಿಡಿದು.

ಬೀಬಿ ಆ ಬಾಗಿಲನ್ನು ಒಳಗಿನಿಂದ ಎಳೆದು ಮುಚ್ಚಿಕೊಂಡರು.

“ಇಳಿಯಲ್ಲ,” ಎಂದರು.