ಕಾರಿಕುಂಟದ ಬೆಂಕಿ ಗೆರೆ ಎಲ್ಲಿ ಹೋಯಿತು?

ಚಿಂಚೋಳಿ ತಾಲ್ಲೂಕಿನ ಕಾಡಂಚಿನಲ್ಲಿ ಕಾರಿಕುಂಟ ಎಂಬ ಊರು. ಬೇಸಿಗೆ ಬಂತೆಂದು ಅಲ್ಲಿಯ ಹೆಂಗಸರಿಗೆ ಪಂಚಾಂಗ ಹೇಳಬೇಕಾಗಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆಗೆ ಕರಿ ಬೂದಿ ಬಂದು ಕೂತರೆ ಬೇಸಿಗೆ ಬಂತು ಎಂದೇ ಅರ್ಥ. ಗುಡ್ಡಕ್ಕೆ ಯಾರೋ ಬೆಂಕಿ ಇಟ್ಟಿರುತ್ತಾರೆ. ಯಾರು ಇಟ್ಟರು ಎಂದು ಒಬ್ಬರೂ ಕೇಳುವುದಿಲ್ಲ. ಶಾವಿಗೆ ಜಾಡಿಸಿಕೊಂಡು ಒಳಗೆ ಹೋಗುತ್ತಾರೆ.

ಮಾಳಮ್ಮ ಹದಿನೆಂಟು ವರ್ಷ ಹಾಗೆ ಜಾಡಿಸಿದವಳು. ಈ ವರ್ಷವೂ ಜಾಡಿಸಿದಳು. ಸಂಜೆಗೆ ಕುರಿಗಾರರಿಂದ ಸುದ್ದಿ ಬಂತು. ಬೆಂಕಿ ಹಚ್ಚಿದವನು ಅವಳ ಗಂಡ ಗೊಲ್ಲಾಳಪ್ಪ. ಸುಟ್ಟುಕೊಂಡು ದವಾಖಾನೆ ಸೇರಿದವನು ಗೋಡೆಗೆ ಗೋಡೆ ಹತ್ತಿದ ಮನೆಯ ಖಾಜಾಮಿಯಾ.

ಗೊಲ್ಲಾಳಪ್ಪ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕುರಿ ಕಾಯುವವನು. ಒಣ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಬರುತ್ತದೆ ಎಂದು ಅವನ ಅಪ್ಪ ಹಚ್ಚುತ್ತಿದ್ದ, ಅಜ್ಜ ಹಚ್ಚುತ್ತಿದ್ದ, ಇವನೂ ಹಚ್ಚಿದ. ಕಾಡೆಲ್ಲ ಉರಿಯಲಿ ಎಂದು ಯಾವ ಕುರಿಗಾರನೂ ಕಡ್ಡಿ ಗೀರುವುದಿಲ್ಲ. ಅವರಿಗೊಂದು ಧೈರ್ಯವಿತ್ತು. ಗುಡ್ಡದ ಅರ್ಧಕ್ಕೆ ಅರಣ್ಯ ಇಲಾಖೆಯ ಬೆಂಕಿ ಗೆರೆ ಇರುತ್ತಿತ್ತು. ಎರಡು ಎತ್ತಿನ ಬಂಡಿ ಒಟ್ಟಿಗೆ ಹೋಗುವಷ್ಟು ಅಗಲಕ್ಕೆ ಹುಲ್ಲು ಹೆರೆದು ಬರಿ ನೆಲ ಮಾಡಿಟ್ಟ ಪಟ್ಟೆ ಅದು. ಕೆಳಗೆ ಹಚ್ಚಿದ ಬೆಂಕಿ ಅಲ್ಲಿಯ ತನಕ ಏರಿ, ತಿನ್ನಲು ಏನೂ ಸಿಗದೆ ಅಲ್ಲೇ ಸಾಯುತ್ತಿತ್ತು. ಸರ್ಕಾರ ತನ್ನ ಕಾಡು ಕಾಯಲೆಂದು ಮಾಡಿದ ಗೆರೆಯನ್ನು ಕಾರಿಕುಂಟದ ಕುರಿಗಾರರು ತಮ್ಮ ಮನೆಯ ಒಲೆಕಟ್ಟೆ ಎಂದುಕೊಂಡಿದ್ದರು.

ಈ ವರ್ಷ ಗೆರೆ ಇರಲಿಲ್ಲ. ಗೊಲ್ಲಾಳಪ್ಪ ಮೇಲೆ ಹತ್ತಿ ನೋಡಲಿಲ್ಲ. ನೋಡಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ಮಧ್ಯಾಹ್ನದ ಗಾಳಿ ಬೆಂಕಿಯನ್ನು ಎತ್ತಿಕೊಂಡು ಹೋಗಿ ಕಾಡಿನೊಳಗೆ ಹಾಕಿತು. ಅಲ್ಲಿ ಇದ್ದವನು ಒಬ್ಬನೇ, ದಿನಗೂಲಿಯ ಬೆಂಕಿ ಕಾವಲುಗಾರ ಖಾಜಾಮಿಯಾ. ಮೂರು ಗುಡ್ಡಕ್ಕೆ ಒಬ್ಬ ಮನುಷ್ಯ. ಕಚೇರಿಗೆ ಮೂರು ಸಲ ಫೋನ್ ಮಾಡಿದ. ಮೂರು ಸಲವೂ ಗಾಡಿ ಹೊರಟಿದೆ ಎಂದರು. ಅವನು ಮುತ್ತಲದ ಹಸಿ ಟೊಂಗೆ ಮುರಿದು ಬೆಂಕಿ ಬಡಿಯುತ್ತ ನಿಂತ. ಗಾಡಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು, ಗಾಡಿಯಲ್ಲಿ ನೀರೂ ಇರಲಿಲ್ಲ. ಖಾಜಾಮಿಯಾನ ಎರಡೂ ಕೈ ಬೆಂದಿದ್ದವು. ರಬ್ಬರ್ ಚಪ್ಪಲಿ ಕರಗಿ ಅಂಗಾಲಿಗೆ ಅಂಟಿತ್ತು.

ಎರಡು ದಿನದ ಮೇಲೆ ಗೊಲ್ಲಾಳಪ್ಪ ಕುರಿಹಟ್ಟಿಯಿಂದ ಮನೆಗೆ ಬಂದು ಹೊಸ್ತಿಲ ಮೇಲೆ ಕೂತ. ಮಾಳಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಅವಳ ಸೋದರಮಾವನ ಮಗ, ಸಣ್ಣಂದಿನಿಂದ ಕಂಡವನು. ಅವನ ಮುಖ ನೋಡಿದರೆ ಹೊಟ್ಟೆಯಲ್ಲಿ ಇರುವುದು ಅವಳಿಗೆ ಗೊತ್ತಾಗುತ್ತಿತ್ತು.

"ಇಲಾಖೆ ಸಾಹೇಬ್ರು ಬಂದಿದ್ರು," ಎಂದ. "ನಾಡಿದ್ದು ಗ್ರಾಮಸಭಾ ಅದ. ಒಂದು ಕಾಗದಕ್ಕ ಊರ ಮಂದಿ ಸಹಿ ಮಾಡಬೇಕಂತ. ಮೊದಲ ಸಹಿ ನಂದು."

"ಎಂಥಾ ಕಾಗದ?"

"ಖಾಜಾ ಬೀಡಿ ಸೇದಿ ಒಗದಾನ, ಅದರಿಂದ ಬೆಂಕಿ ಹತ್ತ್ಯದ ಅಂತ."

ಬಡಿಯುತ್ತಿದ್ದ ರೊಟ್ಟಿಯ ಮೇಲೆ ಅವಳ ಕೈ ನಿಂತಿತು. "ಖಾಜಾ ಅಣ್ಣ ಬೀಡಿ ಸೇದ್ತಾನೇನು?"

"ಇಲ್ಲ."

"ಮತ್ತ?"

"ಸಹಿ ಮಾಡಿದ್ರ ನನ್ನ ಹೆಸರು ಬರಂಗಿಲ್ಲ. ಅವರ ಗೆರಿ ಮಾತೂ ಬರಂಗಿಲ್ಲ. ಎಲ್ಲಾ ಅವನ ತಲಿ ಮ್ಯಾಲ ಹೋಗ್ತದ. ಕೆಲಸದಿಂದ ತೆಗೀತಾರ, ಅಷ್ಟೇ."

ಅಷ್ಟೇ ಎಂಬ ಮಾತು ಮಾಳಮ್ಮನ ನೆತ್ತಿಗೆ ಏರಿತು. ಅವಳಿಗೆ ಬಂದ ಸಿಟ್ಟು ಸಣ್ಣದಲ್ಲ. ಗಂಡನ ಮೇಲೆ ಬಂತು, ಆ ಸಾಹೇಬನ ಮೇಲೆ ಬಂತು, ಮಾಳಿಗೆಯ ಮೇಲೆ ನಿಂತು ಬೂದಿ ಜಾಡಿಸಿದ ತನ್ನ ಕೈಯ ಮೇಲೂ ಬಂತು.

"ಅವನ ಕಾಲು ಸುಟ್ಟದ್ದು ಸಾಲಲಿಲ್ಲೇನು? ಅವನ ಅನ್ನಾನೂ ಸುಡಬೇಕೇನು ನೀ?"

"ಕಾಡು ಸರ್ಕಾರದ್ದದ. ಸುಟ್ರ ಸರ್ಕಾರದ್ದು ಸುಡ್ತದ. ನಮಗೇನಾಗ್ಬೇಕು?"

"ದಿನಾ ಕುರಿ ಎಲ್ಲಿ ಬಿಡ್ತಿ? ಸರ್ಕಾರದ ಕಾಡಾಗೋ, ನಮ್ಮ ಅಂಗಳದಾಗೋ?"

ಗೊಲ್ಲಾಳಪ್ಪ ಎದ್ದು ಕುರಿಹಟ್ಟಿಗೆ ಹೋದ. ಅವತ್ತು ಆ ಮನೆಯಲ್ಲಿ ರೊಟ್ಟಿ ಆರಿದವು, ಯಾರೂ ಮುಟ್ಟಲಿಲ್ಲ.

ಮರುದಿನ ಮುಂಜಾನೆಯ ಬಸ್ಸಿಗೆ ಮಾಳಮ್ಮ ದವಾಖಾನೆಗೆ ಹೋದಳು. ಖಾಜಾಮಿಯಾನ ಹೆಂಡತಿ ಮಾತ್ರೆ ತರಲು ಹೋಗಿದ್ದಳು. ಅವನ ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ಮಾಳಮ್ಮ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ತುತ್ತು ಮಾಡಿ ಬಾಯಿಗಿಟ್ಟಳು. ಹಚ್ಚಿದವನು ಯಾರೆಂದು ಹೇಳಲು ಬಂದಿದ್ದಳು. ಅವನೇ ಹೇಳಿದ.

"ಯಾರ ಹಚ್ಚ್ಯಾರ ನನಗ ಗೊತ್ತದ, ತಂಗಿ. ಮ್ಯಾಲಿಂದ ಕಂಡದ. ಅವನ ತಲಿ ಮ್ಯಾಲಿನ ಕೆಂಪು ಪಟಕಾ ಎಷ್ಟು ದೂರ ಇದ್ರೂ ಕಾಣ್ತದ."

ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಸಾಹೇಬ್ರಿಗಿ ಯಾಕ ಹೇಳಲಿಲ್ಲ, ಅಣ್ಣಾ?"

"ನಾ ಹೇಳಿದ್ರ ಅವನನ್ನ ಒಯ್ತಾರ, ಫೈಲ್ ಮುಚ್ತಾರ. ಗೆರಿ ಯಾಕ ಕಡೀಲಿಲ್ಲ ಅಂತ ಯಾರೂ ಕೇಳಂಗಿಲ್ಲ. ಬರೋ ವರ್ಷ ಮತ್ತ ಇದೇ ಆಗ್ತದ. ಗೊಲ್ಲಾಳ ತಾನೇ ಬಂದು ಹೇಳ್ತಾನ ಅಂತ ದಾರಿ ನೋಡ್ಲಿಕತ್ತೀನಿ. ಮೂರು ದಿನ ಆತು. ನನಗ ಸಿಟ್ಟಿಲ್ಲ ಅನ್ಕೋಬ್ಯಾಡ. ಭಾಳ ಅದ."

ಮಾಳಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕೇಳಿದಳು, "ಆ ಗೆರಿ ಕಡಿಯೋದು ಯಾರ ಕೆಲಸ? ಯಾವಾಗ ಕಡೀಬೇಕು?"

"ಸರ್ಕಾರದ ಕೆಲಸ. ಎಳ್ಳಮವಾಸಿ ಮುಗಿದ ಮ್ಯಾಲ ಹುಲ್ಲು ಒಣಗ್ಲಿಕ್ಕ ಸುರು ಆಗ್ತದಲ್ಲ, ಆವಾಗೇ ಹೆರದು, ಮಂದಿ ಕಾವಲಿದ್ದು ಸುಟ್ಟು, ಬರಿ ನೆಲ ಮಾಡಬೇಕು. ಬಿಸಿಲು ಏರಿದ ಮ್ಯಾಲ ಮಾಡಿದ್ರ ಉಪಯೋಗಿಲ್ಲ. ಬ್ಯಾಸಗ್ಯಾಗ ಸಾಕಷ್ಟು ಕಾವಲಿ ಮಂದಿ ಇಡಬೇಕು. ಅವರಿಗಿ ಬೂಟು ಕೊಡಬೇಕು, ನೀರು ಕೊಡಬೇಕು. ಫೋನ್ ಬಂದ್ರ ಗಾಡಿ ಬರಬೇಕು. ಈಗ ಆಕಾಶದಾಗಿನ ಉಪಗ್ರಹ ಬೆಂಕಿ ನೋಡಿ ಇಲಾಖೆ ಫೋನಿಗಿ ಸುದ್ದಿ ಕಳಸ್ತದ, ತಂಗಿ. ಆಕಾಶದಿಂದ ಕಾಣೋ ಬೆಂಕಿ ಕಚೇರಿ ಕಿಡಕ್ಯಾಗಿಂದ ಕಾಣಲಿಲ್ಲ."

"ನಮಗ ಕಂಡ್ರ ನಾವು ಯಾರಿಗಿ ಹೇಳ್ಬೇಕು?"

"ಅರಣ್ಯದ ಸಹಾಯವಾಣಿ 1926. ಇಲ್ಲಂದ್ರ 112. ಅದಕ್ಕ ಮಾಡಿದ್ರ ಅಗ್ನಿಶಾಮಕದವರಿಗಿ, ಪೊಲೀಸರಿಗಿ ಎಲ್ಲರಿಗೂ ಸುದ್ದಿ ಹೋಗ್ತದ."

"ಫೋನ್ ಮಾಡಿದವರ ಮ್ಯಾಲೇ ಕೇಸ್ ಹಾಕ್ತಾರಂತಲ್ಲ?"

"ಹಚ್ಚಿದವರ ಮ್ಯಾಲ ಹಾಕ್ತಾರ. ಬೆಂಕಿ ಅದ ಅಂತ ಹೇಳಿದವರ ಮ್ಯಾಲ ಯಾಕ ಹಾಕ್ತಾರ? ಊರಾಗ ಮನಿಗೊಂದು ಫೋನ್ ಅದ. ಅವತ್ತ ಹೊಗಿ ಎಲ್ಲರಿಗೂ ಕಂಡದ. ನಾ ಅಲ್ಲಿ ಒಬ್ಬನೇ ಬಡ್ಕೋಲಿಕತ್ತಿದ್ದೆ. ಒಬ್ಬರಾದ್ರೂ ಮಾಡ್ಯಾರೇನು?"

ಮಾಳಮ್ಮ ತಲೆ ತಗ್ಗಿಸಿದಳು. ಆ ಹೊತ್ತಿನಲ್ಲಿ ಅವಳು ಶಾವಿಗೆ ಒಳಗೆ ಒಯ್ಯುತ್ತಿದ್ದಳು. ಫೋನ್ ಅವಳ ಕುಪ್ಪಸದಲ್ಲೇ ಇತ್ತು.

ಊರಿಗೆ ಬಂದವಳು ಮನೆಗೆ ಹೋಗಲಿಲ್ಲ. ಕುರಿಹಟ್ಟಿಗೆ ಹೋಗಿ ಗಂಡನ ಮುಂದೆ ನಿಂತಳು. "ಏಳು. ಗುಡ್ಡ ಹತ್ತು," ಎಂದಳು. ಅವನು ಎದ್ದ. ಅವಳ ದನಿ ಹಾಗಿತ್ತು.

ಸುಟ್ಟ ಗುಡ್ಡದಲ್ಲಿ ಹಕ್ಕಿಯ ಸದ್ದೂ ಇರಲಿಲ್ಲ. ಹೆಜ್ಜೆ ಇಟ್ಟಲ್ಲೆಲ್ಲ ಬೂದಿ ಏಳುತ್ತಿತ್ತು. ಗೆರೆಯ ಬಾಯಿಗೆ ಒಂದು ಫಲಕ ನೆಟ್ಟಿದ್ದರು. ಬಣ್ಣ ಹೊಸದು. ಬೆಂಕಿ ರೇಖೆ ನಿರ್ವಹಣೆ ಪೂರ್ಣಗೊಂಡಿದೆ ಎಂದು ಬರೆದಿತ್ತು. ಅದರ ಆಚೆಗೆ, ಗಾಳಿ ತಿರುಗಿದ್ದರಿಂದ ಬೆಂಕಿ ಮುಟ್ಟದೆ ಉಳಿದ ಒಂದು ತುಂಡು ಗೆರೆ ಇತ್ತು. ಅಲ್ಲಿ ಹುಲ್ಲು ಮಾಳಮ್ಮನ ಸೊಂಟದವರೆಗೆ ನಿಂತಿತ್ತು. ಕುಡುಗೋಲು ಆ ದಾರಿಯಲ್ಲಿ ಹಾದು ಹೋಗಿರಲೂ ಇಲ್ಲ. ಫಲಕಕ್ಕೆ ಬಣ್ಣ ಬಳಿಯಲು ಬಂದ ಮಹಾರಾಯ ಆ ಹುಲ್ಲಿನಲ್ಲೇ ನಿಂತು ಬಳಿದು ಹೋಗಿದ್ದ. ಮಾಳಮ್ಮ ಫೋನ್ ತೆಗೆದು ಫಲಕವೂ ಹುಲ್ಲೂ ಒಟ್ಟಿಗೆ ಕಾಣುವ ಹಾಗೆ ಫೋಟೋ ಹೊಡೆದಳು.

"ಪ್ರತಿ ವರ್ಷ ಇಲ್ಲೇ ನಿಲ್ತಿತ್ತು," ಎಂದ ಗೊಲ್ಲಾಳಪ್ಪ. "ನಾ ಅದನ್ನೇ ನೆಚ್ಚಿದ್ದೆ."

"ಅವರು ಕಡೀಲಿಲ್ಲ, ನೀ ನೋಡಲಿಲ್ಲ. ನಡುವ ಸುಟ್ಟವ ಅವನು."

ಗೊಲ್ಲಾಳಪ್ಪನ ಕಣ್ಣು ಒಂದು ಬಂಡೆಯ ಮೇಲೆ ನೆಟ್ಟಿತ್ತು. ಅಲ್ಲಿ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿಯ ಅರ್ಧ ಕಲ್ಲಿಗೆ ಕರಗಿ ಹಿಡಿದುಕೊಂಡಿತ್ತು. ಗೊಲ್ಲಾಳಪ್ಪ ಬಗ್ಗಿ ಅದನ್ನು ಉಗುರಿನಿಂದ ಕಿತ್ತ. ಬಹಳ ಹೊತ್ತು ಹಿಡಿದು ನೋಡಿದ. ಆಮೇಲೆ ತಲೆಯ ಪಟಕಾ ಬಿಚ್ಚಿ, ಅದರ ಸೆರಗಿನಲ್ಲಿ ಕಟ್ಟಿಕೊಂಡು ಗುಡ್ಡ ಇಳಿದ.

ಮರುದಿನ ಪಂಚಾಯಿತಿ ಕಟ್ಟೆಯ ಮುಂದೆ ಗ್ರಾಮಸಭೆ ಸೇರಿತು. ಅಧ್ಯಕ್ಷೆ ಮಾಣಿಕಮ್ಮ ನಡುವೆ ಕೂತಿದ್ದಳು, ಪಕ್ಕದಲ್ಲಿ ಸಾಹೇಬ. ಮೇಜಿನ ಮೇಲೆ ಕಾಗದ, ಶಾಯಿಯ ಡಬ್ಬಿ. ಸಾಹೇಬ ನಗುನಗುತ್ತಲೇ ಕರೆದ, "ಬಾರಪ್ಪ ಗೊಲ್ಲಾಳಪ್ಪ, ನೀನೇ ಕಣ್ಣಾರೆ ಕಂಡವನು. ಮೊದಲು ನಿನ್ನದೇ ಆಗಲಿ."

ಗೊಲ್ಲಾಳಪ್ಪ ಎದ್ದು ಹೋದ. ಪಟಕಾದ ಗಂಟು ಬಿಚ್ಚಿ, ಆ ಚಪ್ಪಲಿಯ ತುಂಡನ್ನು ಸಹಿ ಮಾಡುವ ಜಾಗದ ಮೇಲೆ ಇಟ್ಟ.

"ಏನಿದು, ಸಭಾದಾಗ ಚಪ್ಪಲ್ ಇಡ್ತಿ?" ಎಂದಳು ಮಾಣಿಕಮ್ಮ. "ತೆಗಿ ಅದನ್ನ."

"ಇಲಾಖೆ ಬೂಟು ಕೊಡಲಿಲ್ರಿ, ಅದಕ್ಕ ಖಾಜಾ ಇದನ್ನ ಹಾಕ್ಕೊಂಡು ಬೆಂಕ್ಯಾಗ ನಿಂತಿದ್ದ," ಎಂದ ಗೊಲ್ಲಾಳಪ್ಪ. "ಅವ ಬೀಡಿ ಸೇದಂಗಿಲ್ಲ. ಬೆಂಕಿ ಹಚ್ಚಿದವ ನಾನು. ಗೆರಿ ಅದ ಅನ್ಕೊಂಡು ಹಚ್ಚೀನಿ. ತಪ್ಪು ನಂದದ."

ಸಾಹೇಬನ ನಗು ಹೋಯಿತು. "ಕಾಡಿಗೆ ಬೆಂಕಿ ಇಡುವುದು ಅಪರಾಧ. ಕೇಸ್ ಆಗುತ್ತದೆ, ಗೊತ್ತೇ?"

ಹಿಂದಿನ ಸಾಲಿನಿಂದ ಮಾಳಮ್ಮ ಎದ್ದಳು. ಫೋನ್ ಕೈಯಲ್ಲಿತ್ತು. "ಬರೀರಿ, ಸಾಹೇಬ್ರ. ನನ್ನ ಗಂಡನ ಹೆಸರು ಬರೀರಿ, ನಾ ಅಡ್ಡ ಬರಂಗಿಲ್ಲ. ಅದರ ಕೆಳಗ ಇದನ್ನೂ ಬರೀರಿ. ಸೊಂಟದಷ್ಟು ಹುಲ್ಲಾಗ ಗೆರಿ ಆಗ್ಯದ ಅಂತ ಫಲಕ ಯಾರ ಹಾಕ್ಯಾರ? ಮೂರು ಗುಡ್ಡಕ್ಕ ಒಬ್ಬ ಕಾವಲಿ ಯಾಕ? ಮೂರು ಸಲ ಫೋನ್ ಮಾಡಿದ್ರೂ ಗಾಡಿ ಹೊತ್ತಿಗಿ ಯಾಕ ಬರಲಿಲ್ಲ? ಅವನ ದವಾಖಾನಿ ಖರ್ಚು ಯಾರ ನೋಡ್ತಾರ? ನಮ್ಮ ತಪ್ಪಿಗಿ ಕೇಸ್ ಅದ. ನಿಮ್ಮ ತಪ್ಪಿಗಿ ಏನದ?"

ಸಾಹೇಬ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಮಾಣಿಕಮ್ಮ ಆ ಕಾಗದವನ್ನು ಮಡಚಿ ಅವನ ಕೈಗೇ ಕೊಟ್ಟಳು. ನಡವಳಿ ಪುಸ್ತಕ ತರಿಸಿ ಮಾಳಮ್ಮನ ಪ್ರಶ್ನೆಗಳನ್ನೆಲ್ಲ ಠರಾವಾಗಿ ಬರೆಸಿದಳು. ಆ ಠರಾವಿಗೆ ಊರೆಲ್ಲ ಸಹಿ ಮಾಡಿತು. ಮೊದಲ ಸಹಿ ಗೊಲ್ಲಾಳಪ್ಪನದು. ಅದರ ಒಂದು ಪ್ರತಿ ಫೋಟೋ ಸಮೇತ ಜಿಲ್ಲೆಯ ಮೇಲಧಿಕಾರಿಗೆ ಹೋಯಿತು.

ಗೊಲ್ಲಾಳಪ್ಪನ ಮೇಲೆ ಕೇಸ್ ಆಯಿತು. ಅವನು ಕೋರ್ಟಿನ ತಾರೀಖಿಗೆ ಹೋದಾಗ ಮಾಳಮ್ಮ ಕುರಿ ಕಾಯುತ್ತಾಳೆ. ಖಾಜಾಮಿಯಾನ ಹೆಸರು ಉಳಿಯಿತು, ಕೆಲಸ ಉಳಿಯಿತು. ಅಂಗಾಲು ಮಾತ್ರ ಮೊದಲಿನಂತೆ ಆಗಲಿಲ್ಲ, ಈಗಲೂ ಕುಂಟುತ್ತಾನೆ. ಮುಂದಿನ ಎಳ್ಳಮವಾಸ್ಯೆಗೆ ಹೊಲದಲ್ಲಿ ಅನ್ನದ ಚರಗ ಚೆಲ್ಲಿ ಬಂದ ಮರುವಾರವೇ ಮಾಳಮ್ಮನೂ ಅವಳ ಮಹಿಳಾ ಸಂಘದ ಹೆಂಗಸರೂ ಗುಡ್ಡ ಹತ್ತಿದರು. ಇಲಾಖೆಯ ಆಳುಗಳು ಗೆರೆ ಹೆರೆಯುವುದನ್ನು ಈ ತುದಿಯಿಂದ ಆ ತುದಿಯವರೆಗೆ ನಿಂತು ನೋಡಿದರು. ಕಾವಲಿನವರ ಕಾಲಲ್ಲಿ ಬೂಟಿದೆಯೇ ಎಂದೂ ಬಗ್ಗಿ ನೋಡಿದರು. ಗೊಲ್ಲಾಳಪ್ಪ ಆ ಸಲ ಕಡ್ಡಿ ಗೀರಲಿಲ್ಲ. ಕಚೇರಿಯ ಒಪ್ಪಿಗೆ ಪಡೆದು ಒಣ ಹುಲ್ಲನ್ನು ಕೊಯ್ದು ತಂದು ಹಟ್ಟಿಯ ಪಕ್ಕ ಬಣವೆ ಒಟ್ಟಿದ. ಖಾಜಾಮಿಯಾ ಕುಂಟುತ್ತ ಬಂದು ಬಣವೆಯ ನೆರಳಿಗೆ ಕೂತ. ಸ್ವಲ್ಪ ಹೊತ್ತಿಗೆ ಗೊಲ್ಲಾಳಪ್ಪ ಅವನಿಗೆ ನೀರು ತಂದು ಕೊಟ್ಟ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಿನ ಗುಡ್ಡದಲ್ಲಿ ಬೆಂಕಿ ಗೆರೆ ಇದೆಯೇ? ಫಲಕವನ್ನು ನಂಬಬೇಡಿ, ಹತ್ತಿ ಹೋಗಿ ನೋಡಿ. ಇಲ್ಲದಿದ್ದರೆ ಚಳಿ ಮುಗಿಯುವ ಮುಂಚೆ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಉತ್ತರವನ್ನು ಕಾಗದದ ಮೇಲೆ ಕೇಳಿ. ಕಾಡು ಕಾಯುವುದು ಸರ್ಕಾರದ ಹೊಣೆ, ಅದನ್ನು ಕೇಳಲು ನಾಚಬೇಕಾಗಿಲ್ಲ. ಆದರೆ ಕೇಳುವ ಬಾಯಿಯ ಕೆಳಗೆ ಕಡ್ಡಿಪೆಟ್ಟಿಗೆ ಹಿಡಿದ ಕೈ ಇರಬಾರದು. ಹುಲ್ಲಿಗೆಂದು, ಬದುವಿಗೆಂದು, ಯಾವ ನೆಪಕ್ಕೂ ಕಾಡಂಚಿನಲ್ಲಿ ಬೆಂಕಿ ಹಚ್ಚಬೇಡಿ. 1926 ಮತ್ತು 112, ಈ ಎರಡು ನಂಬರನ್ನು ಇವತ್ತೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ನಾಳೆ ನಿಮ್ಮ ಮಾಳಿಗೆಯ ಮೇಲೆ ಬೂದಿ ಬಿದ್ದರೆ, ಅಲ್ಲಿ ಯಾರೋ ಒಬ್ಬನು ರಬ್ಬರ್ ಚಪ್ಪಲಿಯಲ್ಲಿ ನಿಂತು ಬೆಂಕಿ ಬಡಿಯುತ್ತಿರುತ್ತಾನೆ. ಶಾವಿಗೆ ಆಮೇಲೆ ಜಾಡಿಸಿ. ಮೊದಲು ಫೋನ್ ಮಾಡಿ.